ಪಕ್ಕದ ದೋಣಿಯ ಟ್ಯಾಂಕು

ಕಾಶಿಯ ಕೇದಾರ ಘಾಟಿನಲ್ಲಿ ನನ್ನ ಮೋಟಾರು ದೋಣಿಯ ಪಕ್ಕಕ್ಕೆ ಇನ್ನೊಬ್ಬ ಕನ್ನಡಿಗನ ಹೊಸ ದೋಣಿ ಬಂದು ನಿಂತಿತು. ಅದೇ ವರ್ಷ ದಸರಾ ಕಳೆಯುತ್ತಿದ್ದಂತೆ ನನ್ನ ಇಂಜಿನ್ನಿಗೆ ಉಗ್ಗು ಹತ್ತಿಕೊಂಡಿತು. ಎರಡಕ್ಕೂ ಸಂಬಂಧವಿಲ್ಲ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ಪೂರ್ತಿ ಒಪ್ಪುವುದಕ್ಕೆ ಈಗಲೂ ಮನಸ್ಸಿಲ್ಲ.

ಕಾಯಿಲೆ ಹೀಗಿತ್ತು. ಬೆಳಿಗ್ಗೆ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಇಂಜಿನ್ ಹತ್ತಿಕೊಳ್ಳುತ್ತಿತ್ತು. ಮೆಟ್ಟಿಲು ಬಿಟ್ಟು ಮೆಲ್ಲಗೆ ಹೊರಡುವಾಗ ಸದ್ದಿನಲ್ಲಿ ಒಂದು ಕೊಂಕು ಇರುತ್ತಿರಲಿಲ್ಲ. ನಡುನೀರಿಗೆ ಬಂದು, ಹರಿವಿಗೆ ಎದುರಾಗಿ ದೋಣಿ ತಿರುಗಿಸಿ, ವೇಗ ಏರಿಸಲು ಹಿಡಿ ತಿರುವಿದರೆ ಮಾತ್ರ ಗಂಟಲಿಗೆ ತುತ್ತು ಸಿಕ್ಕವನ ಹಾಗೆ ‘ಗುಳುಕ್’ ಎನ್ನುತ್ತಿತ್ತು. ಮುನ್ನುಗ್ಗಬೇಕಾದ ದೋಣಿ ತಲೆ ತಗ್ಗಿಸಿ ಕೂತುಬಿಡುತ್ತಿತ್ತು. ಹಿಡಿ ಇಳಿಸಿದರೆ ಸುಧಾರಿಸಿಕೊಳ್ಳುವುದು, ಏರಿಸಿದರೆ ಮತ್ತೆ ಗುಳುಕ್. ದೋಣಿಯ ತುಂಬ ಯಾತ್ರಿಕರಿರುವಾಗ ಈ ಸದ್ದು ಕೇಳಿದರೆ ಮುದುಕಿಯರು ಕಣ್ಣು ಮುಚ್ಚಿ ಗಂಗೆಯ ಹೆಸರು ಹೇಳುತ್ತಾರೆ. ಭಕ್ತಿಯಿಂದಲ್ಲ, ಭಯದಿಂದ.

ನಾನು ಬಯಲುಸೀಮೆಯವನು. ನಮ್ಮೂರಿನ ಕೆರೆಯಲ್ಲಿ ಎಮ್ಮೆಗಳನ್ನು ಬಿಟ್ಟರೆ ಬೇರೇನೂ ತೇಲಿದ್ದನ್ನು ನಾನು ನೋಡಿದವನಲ್ಲ. ಯಾತ್ರೆಯ ಬಸ್ಸೊಂದರಲ್ಲಿ ಅಡುಗೆಯವರ ಕೈಕೆಳಗೆ ತರಕಾರಿ ಹೆಚ್ಚಲು ಬಂದವನು ಬಸ್ಸು ವಾಪಸು ಹೊರಟಾಗ ಇಲ್ಲೇ ಉಳಿದೆ. ವಿಶ್ವನಾಥ ಗಲ್ಲಿಯಲ್ಲಿ ನಮ್ಮ ಕಡೆಯ ಹೆಂಗಸರು ಅಂಗಡಿಯವನು ಹೇಳಿದ ಬೆಲೆಗೇ ಸೀರೆ ಕೊಳ್ಳುವುದನ್ನು ನೋಡಲಾಗದೆ ನಡುವೆ ಬಾಯಿ ಹಾಕಿದೆ. ಚೌಕಾಸಿ ಮಾಡುವ ಆ ಬಾಯಿಯೇ ನನ್ನ ಕಸುಬಾಯಿತು. ಆಮೇಲೆ ಯಾತ್ರಿಕರಿಗೆ ಕೋಣೆಗಳು, ಆಮೇಲೆ ಈ ದೋಣಿ. ಇಂಜಿನ್ನನ್ನು ನೆರೆ ಪರಿಹಾರದ ಹಳೆಯ ಸಾಮಾನುಗಳ ಹರಾಜಿನಲ್ಲಿ ಹಿಡಿದೆ. ದೋಣಿಯ ಹಿಂಬದಿಗೆ ನೇತು ಹಾಕುವ ಪೆಟ್ರೋಲ್ ಇಂಜಿನ್ ಅದು. ಟ್ಯಾಂಕು ಬೇರೆ, ಒಂದು ರಬ್ಬರ್ ಪೈಪಿನಲ್ಲಿ ಎರಡಕ್ಕೂ ನಂಟು. ಹಳೆಯ ಇಂಜಿನ್ ಕೊಳ್ಳುವವರಿಗೆ ನನ್ನದೊಂದು ಮಾತು: ಮಾರುವವನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಅವತ್ತು ವ್ಯಾಪಾರ ಬೇಡ ಎಂದು ಎದ್ದು ಬನ್ನಿ. ಮಾರನೆಯ ಬೆಳಿಗ್ಗೆ ಅದು ತಣ್ಣಗಿರುವಾಗ ಹೋಗಿ ನೀವೇ ಹಗ್ಗ ಎಳೆದು ನೋಡಿ. ನಾನು ಹಾಗೇ ಮಾಡಿದೆ. ಅದಕ್ಕೇ ಆ ಹಳೆಯ ಇಂಜಿನ್ ವರ್ಷಗಟ್ಟಲೆ ದುಡಿಯಿತು.

ಪಕ್ಕದ ದೋಣಿಯವನು ಕರಾವಳಿಯವನು. ಅಪ್ಪ, ಅಜ್ಜ ಎಲ್ಲ ಸಮುದ್ರಕ್ಕೆ ಬಲೆ ಬೀಸಿದವರು. ಎಲ್ಲೆಲ್ಲೋ ಹೋಟೆಲು ನಡೆಸಿ, ಕಡೆಗೆ ಸೋನಾರ್‌ಪುರದ ರಸ್ತೆಯ ಹಿಂದೆ ಒಂದು ಕಟ್ಟಡ ಹಿಡಿದು, ನಮ್ಮ ಯಾತ್ರಿಕರಿಗೇ ಊಟ ವಸತಿ ಶುರು ಮಾಡಿದ್ದ. ಅಷ್ಟು ಮಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆ. ದೋಣಿಯನ್ನೂ ತಂದ. ನನ್ನ ಇಂಜಿನ್ನಿನ ಕಂಪನಿಯದೇ ಇಂಜಿನ್, ಆದರೆ ಅವನದು ಪೆಟ್ಟಿಗೆಯಿಂದ ಈಗಷ್ಟೇ ತೆಗೆದದ್ದು. ಅವನು ದೋಣಿ ಹತ್ತುವ ರೀತಿಯನ್ನು ನಾನು ದಿನಾ ನೋಡುತ್ತಿದ್ದೆ. ನಾನು ಇಷ್ಟು ವರ್ಷವಾದರೂ ಅಂಚು ಹಿಡಿದು, ಕಾಲು ಎತ್ತಿ, ಒಂದು ಕ್ಷಣ ಯೋಚಿಸಿ ಹತ್ತುವವನು. ಅವನು ಮಾತಾಡುತ್ತ ಮಾತಾಡುತ್ತ, ಮನೆಯ ಹೊಸಿಲು ದಾಟಿದ ಹಾಗೆ ದೋಣಿಯಲ್ಲಿರುತ್ತಿದ್ದ. ದೋಣಿ ಅಲುಗಾಡುತ್ತಲೂ ಇರಲಿಲ್ಲ. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಹುರಿದ ಹಾಗಾಗುತ್ತಿತ್ತು.

ಆಯುಧಪೂಜೆಯ ದಿನ ಅವನು ಹೊಸ ದೋಣಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಮ್ಮವರನ್ನೆಲ್ಲ ಕರೆದು ಪಾಯಸ ಹಾಕಿಸಿದ. ಕಾಶಿಯವರು ಯಂತ್ರಗಳಿಗೆ ವಿಶ್ವಕರ್ಮನ ಪೂಜೆಯನ್ನು ಮಳೆಗಾಲದ ಕೊನೆಯಲ್ಲೇ ಮುಗಿಸಿರುತ್ತಾರೆ. ನಮ್ಮ ಆಯುಧಪೂಜೆ ಅವರಿಗೆ ಹೊಸದು. ಹಾಗಾಗಿ ಘಾಟಿನ ಜನವೂ ಸುತ್ತ ನಿಂತು ನೋಡಿತು. ನಾನು ಸುಮ್ಮನಿರುತ್ತೇನೆಯೇ? ಅದೇ ಮಧ್ಯಾಹ್ನ ನನ್ನ ಇಂಜಿನ್ನಿಗೆ, ಟ್ಯಾಂಕಿಗೆ, ದೋಣಿಯ ಮೂತಿಗೆ ಗಂಧ, ವಿಭೂತಿ, ಕುಂಕುಮ ಬಳಿದು, ಚೆಂಡುಹೂವಿನ ಹಾರ ಸುತ್ತಿ, ಅವನದಕ್ಕಿಂತ ದೊಡ್ಡ ಕುಂಬಳ ಒಡೆದೆ. ಜನ ಅಷ್ಟೊತ್ತಿಗೆ ಪಾಯಸ ಕುಡಿದು ಹೋಗಿದ್ದರು.

ಇಷ್ಟಾದರೂ ಅವನ ಹತ್ತಿರ ಇಲ್ಲದ್ದು ನನ್ನ ಹತ್ತಿರ ಒಂದಿತ್ತು: ರಾಜ್ಯೋತ್ಸವದ ದೋಣಿಯಾತ್ರೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ನಮ್ಮ ಕಡೆಯ ಪ್ರೊಫೆಸರುಗಳು, ಡಾಕ್ಟರುಗಳು, ಸಂಶೋಧನೆಗೆ ಬಂದವರು ಒಂದಿಷ್ಟು ಜನ ಇದ್ದಾರೆ. ಪ್ರತಿ ನವೆಂಬರ್ ಒಂದನೇ ತಾರೀಖು ಅವರೂ ಘಾಟಿನ ಪುರೋಹಿತರ ಮನೆಯವರೂ ಸೇರಿ ದೋಣಿಗೆ ಹಳದಿ ಕೆಂಪು ಬಾವುಟ ಕಟ್ಟಿ, ಕೇದಾರದಿಂದ ರಾಜಘಾಟಿನವರೆಗೆ ಹೋಗಿ, ಬಿಸಿಬೇಳೆಬಾತು ಉಂಡು ಹಿಂತಿರುಗುತ್ತಾರೆ. ಅದು ಯಾವಾಗಲೂ ನನ್ನ ದೋಣಿ. ವರ್ಷದ ಉಳಿದ ದಿನ ಅವರಿಗೆ ನಾನು ‘ಕೋಣೆ ಕೊಡಿಸುವವರು’. ಆ ಒಂದು ದಿನ ಮಾತ್ರ ನಾನು ಮನೆಯ ಯಜಮಾನ, ಅವರು ನನ್ನ ನೆಂಟರು. ಇದು ನನಗೆ ಎಷ್ಟು ಮುಖ್ಯ ಎಂದು ಯಾರಿಗೂ ಹೇಳಿಕೊಂಡಿರಲಿಲ್ಲ. ಚೌಕಾಸಿ ಮಾಡುವವನು ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳಬಾರದು.

ದಸರಾ ಕಳೆದ ಮೇಲೆ ಆ ಗುಂಪಿನ ಮೇಡಮ್ಮು ಫೋನ್ ಮಾಡಿದರು. ಅವರು ಡಾಕ್ಟರು, ಮಾತು ಯಾವಾಗಲೂ ಇಂಜೆಕ್ಷನ್ ಚುಚ್ಚುವ ಮುಂಚೆ ಹತ್ತಿ ಒರೆಸಿದ ಹಾಗೆ ಮೆತ್ತಗೆ.

“ನಿಮ್ಮ ದೋಣಿ ಏನೋ ತೊಂದರೆ ಕೊಡ್ತಿದೆಯಂತೆ?”

“ಯಾರು ಹೇಳಿದ್ದು ಮೇಡಂ?”

“ಯಾರೋ. ಈ ಸಲ ಮಕ್ಕಳು ಜಾಸ್ತಿ ಇದಾರೆ ನೋಡಿ. ಹೊಸ ದೋಣಿಯಲ್ಲೇ ಹೋಗೋಣ ಅಂತ ಕೆಲವರು ಅಂತಿದಾರೆ. ನಿಮ್ಮದು ಸರಿಹೋದ್ರೆ ನಿಮ್ಮದೇ, ಆ ಮಾತು ಬೇರೆ. ಹಿಂದಿನ ದಿನದೊಳಗೆ ಹೇಳಿಬಿಡಿ.”

“ಸರಿಹೋಗೋದೇನು, ಸರಿಯಾಗೇ ಇದೆ,” ಎಂದೆ. ಫೋನಿಟ್ಟು ಸೀದಾ ಘಾಟಿಗೆ ಇಳಿದೆ.

ನನ್ನ ದೋಣಿ ನಡೆಸುವ ಮಲ್ಲಾಹ ಮೆಟ್ಟಿಲಿನ ಮೇಲೆ ಕೂತು ನೆರೆ ಬಿಟ್ಟುಹೋದ ಕೆಸರನ್ನು ಪಾದದಿಂದ ಕೆರೆಯುತ್ತಿದ್ದ. ಅವನ ಮನೆತನದವರು ತಲೆತಲಾಂತರದಿಂದ ಈ ಘಾಟಿನ ದೋಣಿಗಾರರು. ದೋಣಿ ಯಾರದ್ದಾದರೂ ಆಗಿರಲಿ, ಇಲ್ಲಿಂದ ಹೊರಡಬೇಕಾದರೆ ಚುಕ್ಕಾಣಿ ಅವರ ಕೈಯಲ್ಲೇ ಇರಬೇಕು. ಇದು ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಅವನು ಆಡುವುದು ಬನಾರಸಿ ಹಿಂದಿ. ನನಗೆ ಅವನಿಟ್ಟ ಹೆಸರು ‘ಗುರು’. ಇಲ್ಲಿ ದನವನ್ನು ಬಿಟ್ಟು ಉಳಿದೆಲ್ಲರೂ ಗುರುಗಳೇ.

“ಕಾ ಗುರು, ಮುಖ ಯಾಕೆ ಸುಟ್ಟ ಬದನೆಕಾಯಿ ಆಗಿದೆ?”

“ಇಂಜಿನ್ ಹಾಕು. ಇವತ್ತು ಕಾರಣ ಸಿಗಲೇಬೇಕು.”

ಹೊರಟೆವು. ಹರಿವಿಗೆ ಎದುರಾಗಿ ಹರಿಶ್ಚಂದ್ರ ಘಾಟಿನ ಮುಂದೆ ಬರುತ್ತಿದ್ದಂತೆ, ಏರಿಸು ಎಂದೆ. ಏರಿಸಿದ. ಗುಳುಕ್. ದೋಣಿ ಚಿತೆಗಳ ಎದುರಿಗೇ ನಿಂತಿತು.

“ನೋಡು ಗುರು, ಸರಿಯಾದ ಜಾಗದಲ್ಲಿ ಪ್ರಾಣ ಬಿಡ್ತಿದೆ. ಇಂಜಿನ್ನಿಗೂ ಮೋಕ್ಷ ಬೇಕಂತೆ.”

“ಇತ್ತ ಕೊಡು ಹಿಡಿ. ಕೈಯಲ್ಲಿ ಹಿಡಿದು ನೋಡಿದರೆ ನನಗೆ ಗೊತ್ತಾಗುತ್ತೆ.”

ಅವನು ನಗುತ್ತಲೇ ಇದ್ದ, ಆದರೆ ಹಿಡಿ ಬಿಡಲಿಲ್ಲ. “ಕಿವಿ ನಿನ್ನದು, ಕೈ ನನ್ನದು. ನೀನು ಕೇಳಿಸಿಕೊಂಡು ಹೇಳು, ನಾನು ತಿರುವುತ್ತೇನೆ. ಗಂಗಾ ಮೈಯ್ಯಾಳ ಮೇಲೆ ನೀರಿನ ಮನೆತನದವರ ಕೈಗೆ ಮಾತ್ರ ಅಪ್ಪಣೆ.”

ಹೀಗೆ, ನನ್ನ ಇಂಜಿನ್ನಿನ ಕಾಯಿಲೆಯನ್ನು ನಾನು ನಡುವಿನ ಹಲಗೆಯ ಮೇಲೆ ಕೂತು ಕಿವಿಯಲ್ಲೇ ಹುಡುಕಬೇಕಾಯಿತು. ಪರವಾಗಿಲ್ಲ. ವ್ಯಾಪಾರದಲ್ಲೂ ನಾನು ನಂಬುವುದು ಕಿವಿಯನ್ನೇ. ಅಂಗಡಿಯವನು ಯಾವ ಮಾತಿಗೆ ತಡವರಿಸುತ್ತಾನೋ ಅಲ್ಲೇ ಹುಳುಕು ಇರುತ್ತದೆ.

ಮೊದಲು ಖರ್ಚಿಲ್ಲದ್ದನ್ನು ನೋಡಬೇಕು. ಇದು ದೋಣಿಗಷ್ಟೇ ಅಲ್ಲ, ಬದುಕಿಗೂ ನಾನು ಹೇಳುವ ಬುದ್ಧಿ. ಇಂಜಿನ್ ಎತ್ತಿ ನೀರಿನಡಿ ತಿರುಗುವ ಪಂಖವನ್ನು ನೋಡಿದೆವು. ಗಂಗೆಯಲ್ಲಿ ಹಾರ, ಸೀರೆಯ ತುಂಡು, ಮುಡಿ ಕೊಟ್ಟ ಕೂದಲು, ಏನು ಬೇಕಾದರೂ ಸುತ್ತಿಕೊಳ್ಳುತ್ತದೆ. ಒಂದು ಹಾರ ಸಿಕ್ಕಿತು, ಬಿಡಿಸಿದೆವು. ಉಗ್ಗು ಹೋಗಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿದೆವು. ಮಸಿ ಹಿಡಿದಿತ್ತು, ಉಜ್ಜಿ, ಒರೆಸಿ, ಹಾಕಿದೆವು. ಹಗ್ಗ ಎಳೆದಾಗಿನ ಸದ್ದು ಚೆನ್ನಾಯಿತು, ಉಗ್ಗು ಹಾಗೇ ಇತ್ತು. ಪೈಪಿನ ನಡುವೆ ಕೈಯಲ್ಲಿ ಹಿಸುಕಿ ಪೆಟ್ರೋಲ್ ಮುಂದೆ ತಳ್ಳುವ ರಬ್ಬರ್ ಚೆಂಡು ಇರುತ್ತದೆ. ಇಂಜಿನ್ ಉಗ್ಗಿದಾಗ ಅದನ್ನು ಮುಟ್ಟಿ ನೋಡಿದೆ. ಅಜ್ಜಿಯ ಕೆನ್ನೆಯ ಹಾಗೆ ಒಳಕ್ಕೆ ಸೊಟ್ಟಗಾಗಿತ್ತು, ಬಿಟ್ಟರೂ ಉಬ್ಬಲಿಲ್ಲ. ರಬ್ಬರಿಗೆ ವಯಸ್ಸಾಗಿದೆ ಎಂದುಕೊಂಡು ಹೊಸದು ಹಾಕಿಸಿದೆ. ಹೊಸದೂ ಸೊಟ್ಟಗಾಯಿತು. ಅಲ್ಲೇ ನಾನು ನಿಂತು ಯೋಚಿಸಬೇಕಿತ್ತು. ಯೋಚಿಸುವ ಹೊತ್ತಿಗೆ ಪಕ್ಕದ ಹೊಸ ದೋಣಿ ನಮ್ಮನ್ನು ದಾಟಿ ಸರ್ರನೆ ಹೋಯಿತು. ಅವನು ಕೈ ಬೀಸಿದ. ನಾನೂ ಬೀಸಿದೆ. ಚೆಂಡಿನ ವಿಷಯ ತಲೆಯಿಂದ ಹಾರಿಹೋಯಿತು.

ಸೋನಾರ್‌ಪುರದಲ್ಲಿ ಜನರೇಟರು, ನೀರಿನ ಪಂಪು ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬನನ್ನು ಘಾಟಿಗೆ ಕರೆತಂದೆ. ಅವನು ಇಂಜಿನ್ನಿನ ಮುಚ್ಚಳ ತೆಗೆದು, ತಲೆ ಒಳಗೆ ಹಾಕಿ, ಹೊರಗೆ ತೆಗೆದು, “ಕಾರ್ಬೊರೇಟರ್ ಖತಂ. ಬದಲಾಯಿಸಬೇಕು,” ಎಂದ.

“ಬದಲಾಯಿಸು. ಆದರೆ ಆಮೇಲೂ ಉಗ್ಗಿದರೆ ನಿನ್ನದನ್ನು ನೀನೇ ಬಿಚ್ಚಿಕೊಂಡು, ನನ್ನ ಹಳೆಯದನ್ನೇ ಕೂರಿಸಿ ಕೊಡಬೇಕು.”

ಅವನು ಪಾನಿನ ರಸ ಉಗುಳಿ ಬಂದು ಮತ್ತೆ ಇಂಜಿನ್ ನೋಡಿದ. “ಹಾಗಾದರೆ ಸದ್ಯಕ್ಕೆ ಸಾಫ್ ಮಾಡಿ ನೋಡೋಣ.”

ನೋಡಿ, ಷರತ್ತು ಹಾಕುವುದರ ಲಾಭ ಇದು. ಖಾತ್ರಿ ಇದ್ದವನು ಒಪ್ಪುತ್ತಾನೆ, ಇಲ್ಲದವನು ದಾರಿ ಬದಲಿಸುತ್ತಾನೆ. ಕಾರ್ಬೊರೇಟರ್ ಬಿಚ್ಚಿ, ಸಣ್ಣ ತೂತುಗಳಿಗೆಲ್ಲ ಗಾಳಿ ಊದಿ, ತಿರುಗಿ ಜೋಡಿಸಿದ. ಎಣ್ಣೆ ಬಟ್ಟೆಯಿಂದ ಟ್ಯಾಂಕಿನ ಧೂಳನ್ನೂ ಒರೆಸಲು ಹೋದಾಗ ಮಲ್ಲಾಹ ಅವನ ಕೈ ಹಿಡಿದ.

“ಏ, ಅದು ಪೂಜೆಯ ಚಂದನ. ಒರೆಸಬಾರದು, ತಾನಾಗಿ ಉದುರಬೇಕು. ಮದ್ರಾಸಿಗಳ ಪೂಜೆ, ಬಹಳ ಕಡಕ್.”

ಮೆಕ್ಯಾನಿಕ್ ಹಣೆ ಮುಟ್ಟಿಕೊಂಡು ಬಟ್ಟೆ ಹಿಂದಕ್ಕೆ ತೆಗೆದುಕೊಂಡ. ನಾನೂ ಭಕ್ತಿಯಿಂದ ತಲೆ ಅಲ್ಲಾಡಿಸಿದೆ. ಪೆಟ್ರೋಲ್ ತುಂಬಿಸಿ ಓಡಿಸಿದೆವು. ದೋಣಿ ಬಾಣದ ಹಾಗೆ ಹೋಯಿತು. ಮೆಕ್ಯಾನಿಕ್ಕಿಗೆ ಚಹಾ ಕುಡಿಸಿ ಕಳಿಸಿದೆ. ಅವನು ಮೆಟ್ಟಿಲು ಹತ್ತಿ ಮರೆಯಾಗಿರಬೇಕು, ನಾವು ಎರಡನೇ ಸುತ್ತಿಗೆ ಹೊರಟೆವು. ಹರಿಶ್ಚಂದ್ರ ದಾಟಿ ಸ್ವಲ್ಪ ಮುಂದೆ, ಗುಳುಕ್.

ಇಲ್ಲಿಂದ ನನ್ನ ತಲೆ ಅಡ್ಡದಾರಿ ಹಿಡಿಯಿತು. ಪೆಟ್ರೋಲ್ ಹಾಕಿದಾಗೆಲ್ಲ ಸ್ವಲ್ಪ ಹೊತ್ತು ಸರಿಯಿರುತ್ತದೆ, ಆಮೇಲೆ ಕೆಡುತ್ತದೆ. ಅಂದರೆ ತಳದಲ್ಲಿರುವುದು ಕೆಟ್ಟ ಪೆಟ್ರೋಲು. ತಳಕ್ಕೆ ಕೆಟ್ಟದ್ದು ಬಂದದ್ದು ಹೇಗೆ? ನನ್ನ ದೋಣಿಯ ಪಕ್ಕ ಇಡೀ ರಾತ್ರಿ ನಿಲ್ಲುವುದು ಯಾರ ದೋಣಿ? ನನ್ನ ಇಂಜಿನ್ ಕೆಟ್ಟರೆ ರಾಜ್ಯೋತ್ಸವ ಯಾರ ಪಾಲಿಗೆ? ಮೇಡಮ್ಮಿಗೆ ಸುದ್ದಿ ಮುಟ್ಟಿಸಿದ ಆ ‘ಯಾರೋ’ ಯಾರು? ಲೆಕ್ಕ ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೇ ಸಂತೋಷವಾಯಿತು. ಟ್ಯಾಂಕು ಪೂರ್ತಿ ಬಸಿದು, ಪೆಟ್ರೋಲನ್ನು ಬಿಳಿ ಪಂಚೆಯಲ್ಲಿ ಸೋಸಿದೆ. ನೀರಿಲ್ಲ, ಸೀಮೆಎಣ್ಣೆಯ ವಾಸನೆಯಿಲ್ಲ, ಒಂದು ಕಾಳು ಮರಳಿಲ್ಲ. ಪೆಟ್ರೋಲು ನಮ್ಮತ್ತೆಯ ಮನಸ್ಸಿಗಿಂತ ಶುದ್ಧವಾಗಿತ್ತು. ಅಷ್ಟಾದರೂ ಅನುಮಾನ ಹೋಗಲಿಲ್ಲ. ಬೆಳಿಗ್ಗೆ ಬೇಗ ಹೋಗಿ ಮೆಟ್ಟಿಲಿನ ಮೇಲಿಂದ ಅವನ ದೋಣಿಯನ್ನು ನೋಡುತ್ತ ಕೂತೆ.

ಅವನು ಕೆಳಗಿನಿಂದಲೇ ಕೂಗಿದ. “ಎಂತ ಮಾರಾಯ್ರೆ, ಆಗಿಂದ ನಮ್ಮ ದೋಣಿಯನ್ನೇ ನೋಡ್ತಾ ಇದ್ದೀರಿ? ಹುಡುಗಿ ನೋಡ್ಲಿಕ್ಕೆ ಬಂದ ಹಾಗೆ!”

“ಬಣ್ಣ ನೋಡ್ತಿದ್ದೆ. ಬೇಗ ಮಾಸುತ್ತೆ ಈ ಬಣ್ಣ.”

“ಹೌದಾ? ಮಾಸಿದ್ರೆ ಇನ್ನೊಂದು ಸಲ ಬಳಿದ್ರಾಯ್ತು,” ಎಂದು ನಕ್ಕ. ಕೋಪ ಬರಿಸಿಕೊಳ್ಳುವ ಜಾತಿಯೇ ಅಲ್ಲ ಅದು. ಹೊಟ್ಟೆಕಿಚ್ಚಿಗೆ ಅದೂ ಒಂದು ಕಾರಣ.

ಮನೆಯಲ್ಲಿ ನನ್ನ ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಅವಳು ಇಲ್ಲೇ ಹುಟ್ಟಿದವಳು, ಕೇದಾರದ ಪುರೋಹಿತರ ಮನೆಯ ಮಗಳು. ಅವಳ ಕನ್ನಡ ಮನೆಯೊಳಗೇ ಬೆಳೆದದ್ದು. ಹೊಸಿಲು ದಾಟಿ ಹಿಂದಿಯನ್ನು ಕೈಹಿಡಿದುಕೊಂಡು ಬರುತ್ತದೆ.

“ಅವರು ಯಾಕೆ ನಿಮ್ಮ ಟಂಕಿಗೆ ಕೈ ಹಾಕ್ತಾರೆ? ಅವರ ಧಂಧಾ ಅವರಿಗೆ, ನಿಮ್ಮದು ನಿಮಗೆ. ನಿಮಗೆ ಜಲನ್ ಆಗ್ತಾ ಇದೆ, ಬಸ್.”

“ನನಗ್ಯಾಕೆ ಹೊಟ್ಟೆಕಿಚ್ಚು?”

“ಮತ್ತೆ ರಾತ್ರಿ ನಿದ್ದೆಯಲ್ಲಿ ‘ಅವನ ಟಂಕಿ, ಅವನ ಟಂಕಿ’ ಅಂತಿದ್ರಿ? ನಾನು ಸೋಚಿದೆ, ಟಂಕಿ ಅನ್ನೋದು ಯಾರೋ ಹೆಂಗಸಿನ ಹೆಸರು ಅಂತ.”

ಅವಳು ಚೇಷ್ಟೆಗೆ ಅಂದದ್ದು. ನನಗೆ ಮಾತ್ರ ದಾರಿ ಕಂಡಿತು. ಎರಡು ಇಂಜಿನ್ನು ಒಂದೇ ಕಂಪನಿಯವು, ಪೈಪಿನ ತುದಿ ಒಂದೇ ಅಳತೆ. ಅವನ ಟ್ಯಾಂಕನ್ನು ನನ್ನ ಇಂಜಿನ್ನಿಗೆ ಹಾಕಿ ಓಡಿಸಿದರೆ, ಉಗ್ಗಿದರೆ ದೋಷ ಇಂಜಿನ್ನಿನಲ್ಲಿ; ಉಗ್ಗದಿದ್ದರೆ ದೋಷ ನನ್ನ ಟ್ಯಾಂಕಿನಲ್ಲಿ. ಚೆನ್ನಾಗಿದೆ ಎಂದು ಖಾತ್ರಿಯಿರುವ ಒಂದು ಭಾಗವನ್ನು ಅದಲು ಬದಲು ಮಾಡಿ ನೋಡುವುದು; ಹಳೆಯ ಯಂತ್ರ ಇಟ್ಟುಕೊಂಡವರೆಲ್ಲ ಕಲಿಯಬೇಕಾದ ಉಪಾಯ ಇದು. ಯಾರ ವಿದ್ಯೆಯೂ ಬೇಕಿಲ್ಲ. ಬೇಕಾದದ್ದು ಇನ್ನೊಬ್ಬನ ಟ್ಯಾಂಕು. ಅದನ್ನು ಕೇಳಲು ಒಂದು ಬಾಯಿ. ಎಷ್ಟೋ ಅಂಗಡಿಗಳಲ್ಲಿ ಗೆದ್ದ ನನ್ನ ಬಾಯಿ ಅವತ್ತು ಅಂಗುಳಿಗೆ ಅಂಟಿಕೊಂಡಿತು.

ತಾರೀಖು ಹತ್ತಿರ ಬಂದಿತ್ತು. ನೇರವಾಗಿ ಕೇಳುವುದು ನನ್ನ ರೂಢಿಯಲ್ಲ. ಅವನ ದೋಣಿಯ ಹತ್ತಿರ ಹೋಗಿ, ಟ್ಯಾಂಕನ್ನು ಬೆರಳಿನಿಂದ ಕುಟ್ಟಿ, “ಇದನ್ನು ಮಾರುವ ಯೋಚನೆ ಏನಾದರೂ ಇದೆಯಾ?” ಎಂದೆ.

“ಟ್ಯಾಂಕಾ? ಟ್ಯಾಂಕು ಮಾರಿ ನಾನು ಎಂತ, ಹುಟ್ಟು ಹಾಕುವುದಾ?”

“ಅಲ್ಲ, ಇಂಥದೇ ಒಂದು ಕೊಳ್ಳೋಣ ಅಂತಿದ್ದೆ. ಕೊಳ್ಳೋ ಮುಂಚೆ ಒಂದು ಸಲ ಹಾಕಿ ನೋಡಿದರೆ... ಬಾಡಿಗೆಗೆ ಅಂತಲೇ ಇಟ್ಟುಕೊಳ್ಳಿ. ನೀವು ಒಂದು ಮಾತು ಹೇಳಿ, ನಾನೊಂದು ಮಾತು ಹೇಳ್ತೀನಿ.”

ಅವನು ನನ್ನ ಮುಖ ನೋಡಿದ. ಎಲ್ಲ ಅರ್ಥವಾಗಿದೆ ಎಂದು ನನಗೆ ತಿಳಿಯಿತು. ನಗಲಿಲ್ಲ, ಅಷ್ಟು ದೊಡ್ಡತನ ತೋರಿಸಿದ. ಪೈಪು ಕಳಚಿ, ತುಂಬಿದ ಟ್ಯಾಂಕನ್ನು ಒಂದೇ ಕೈಯಲ್ಲಿ ಎತ್ತಿ ನನ್ನ ದೋಣಿಯಲ್ಲಿಟ್ಟ.

“ತಕೊಂಡು ಹೋಗಿ ಮಾರಾಯ್ರೆ. ಬಾಡಿಗೆಯೂ ಬೇಡ ಗೀಡಿಗೆಯೂ ಬೇಡ. ಇವತ್ತು ನನಗೆ ಸವಾರಿಯಿಲ್ಲ.”

ಬೆಲೆಯನ್ನೇ ಹೇಳದವನ ಹತ್ತಿರ ಚೌಕಾಸಿ ಮಾಡುವುದು ಹೇಗೆ? ನಾನು ಇಡೀ ಆಯುಷ್ಯದಲ್ಲಿ ಸೋತ ವ್ಯಾಪಾರ ಅದೊಂದೇ.

ಮಲ್ಲಾಹ ಇಂಜಿನ್ ಹಾಕಿದ. ಹರಿಶ್ಚಂದ್ರ ದಾಟಿದೆವು, ಚಿತೆಗಳ ಹೊಗೆ ಹಿಂದಾಯಿತು, ಅಸ್ಸಿಯವರೆಗೂ ಹೋದೆವು. ಏರಿಸು ಎಂದೆ, ಇಳಿಸು ಎಂದೆ, ಒಮ್ಮೆಲೇ ಪೂರ್ತಿ ತಿರುವು ಎಂದೆ. ಇಂಜಿನ್ ಕೇಳಿದ್ದಕ್ಕೆಲ್ಲ ಓ ಎಂದಿತು. ದೋಣಿಯ ಮೂತಿ ನೀರಿನಿಂದ ಎದ್ದು ನಿಂತಿತು. ನನ್ನ ಇಂಜಿನ್ನಿಗೆ ಏನೂ ಆಗಿಲ್ಲ ಎಂದು ಕುಣಿಯಬೇಕಾದ ಹೊತ್ತು. ಆದರೆ ನನಗೆ ಅನ್ನಿಸಿದ್ದು ಇಷ್ಟೇ: ನೋಡು, ಅವನ ಟ್ಯಾಂಕು ಸಿಕ್ಕಿದ ಕೂಡಲೇ ಹೇಗೆ ಹಲ್ಲು ಕಿರಿಯಿತು!

ನಡುನೀರಿನಲ್ಲೇ ನನ್ನ ಟ್ಯಾಂಕನ್ನು ತಿರುಗಿ ಜೋಡಿಸಿದೆವು. ಸ್ವಲ್ಪ ದೂರ ಸರಿಯಾಗಿ ಓಡಿತು, ಆಮೇಲೆ ಗುಳುಕ್. ಈ ಸಲ ನಾನು ಇಂಜಿನ್ನಿನ ಕಡೆ ನೋಡಲೇ ಇಲ್ಲ. ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿ ಒಂದು ಸುತ್ತು ಸಡಿಲಿಸಿದೆ. ‘ಹುಸ್ಸ್’ ಎಂದು ಗಾಳಿ ಒಳಕ್ಕೆ ನುಗ್ಗಿತು. ಇಂಜಿನ್ ತಟ್ಟನೆ ಚೇತರಿಸಿಕೊಂಡಿತು. ಮುಚ್ಚಳ ಬಿಗಿದೆ. ಸ್ವಲ್ಪ ದೂರ ಹೋಗಿ ಗುಳುಕ್. ಸಡಿಲಿಸಿದೆ. ಹುಸ್ಸ್.

ಮುಚ್ಚಳವನ್ನು ಬಿಚ್ಚಿ ಬಿಸಿಲಿಗೆ ಹಿಡಿದೆ. ಪೆಟ್ರೋಲು ಇಳಿದಷ್ಟೂ ಒಳಗೆ ಗಾಳಿ ಬರಲಿ ಎಂದು ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಆ ತೂತಿನ ಮೇಲೆ ಸರಿಯಾಗಿ, ನಾನೇ ಆಯುಧಪೂಜೆಗೆ ಇಟ್ಟ ಗಂಧದ ಬೊಟ್ಟು ಗಾರೆಯ ಹಾಗೆ ಒಣಗಿ ಕೂತಿತ್ತು, ಮೇಲೆ ಕುಂಕುಮ ಸಹಿತ. ಗಾಳಿಯಿಲ್ಲದೆ ಟ್ಯಾಂಕು ಉಸಿರು ಕಟ್ಟಿಕೊಂಡು ಪೆಟ್ರೋಲು ಬಿಡುತ್ತಿರಲಿಲ್ಲ. ಮೆಲ್ಲಗೆ ಓಡುವಾಗ ಸಾಲುವಷ್ಟು ಹನಿಯುತ್ತಿತ್ತು, ಜೋರು ಕೇಳಿದರೆ ಇಲ್ಲ ಎನ್ನುತ್ತಿತ್ತು. ಪೆಟ್ರೋಲು ತುಂಬಲು ಮುಚ್ಚಳ ತೆಗೆದಾಗೆಲ್ಲ ಒಂದಿಷ್ಟು ಗಾಳಿ ಸಿಕ್ಕಿ ಸ್ವಲ್ಪ ಹೊತ್ತು ಸರಿಯಿರುತ್ತಿತ್ತು. ರಬ್ಬರ್ ಚೆಂಡು ಸೊಟ್ಟಗಾಗಿ ಇದನ್ನೇ ಹೇಳುತ್ತಿತ್ತು.

ಮಲ್ಲಾಹ ತನ್ನ ಅಂಗಿಯ ಪಿನ್ನು ತೆಗೆದುಕೊಟ್ಟ. “ನೀನೇ ಚುಚ್ಚು ಗುರು. ಹಚ್ಚಿದವನು ನೀನು, ಪಾಪ ನಿನಗೇ ಇರಲಿ.”

ಚುಚ್ಚಿದೆ. ಗಂಧ ಪುಡಿಯಾಗಿ ಉದುರಿತು. ಯಂತ್ರಗಳಿರುವವರು ಆಯುಧಪೂಜೆ ಖಂಡಿತ ಮಾಡಿ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಗಂಧವನ್ನು ಟ್ಯಾಂಕಿನ ಹೊಟ್ಟೆಗೆ ಹಚ್ಚಿ, ನೆತ್ತಿಗೆ ಬೇಡ.

ಕರಾವಳಿಯವನ ಟ್ಯಾಂಕನ್ನು ಕಂಠಮಟ್ಟ ತುಂಬಿಸಿಯೇ ಹಿಂತಿರುಗಿಸಿದೆ. “ಎಂತ ಆಗಿತ್ತು?” ಎಂದ. “ಏನಿಲ್ಲ, ಒಂದು ಚೂರು ಕಸ,” ಎಂದೆ. ಮೇಡಮ್ಮಿಗೆ ಫೋನ್ ಮಾಡಿ ದೋಣಿ ಸಿದ್ಧ ಎಂದೆ. “ಒಳ್ಳೆಯದಾಯ್ತು, ನಿಮ್ಮದೇ ಇರಲಿ,” ಎಂದರು. ಅವತ್ತು ರಾತ್ರಿ ನಿದ್ದೆಯಲ್ಲಿ ನಾನು ಯಾವ ಟಂಕಿಯ ಹೆಸರೂ ಹೇಳಲಿಲ್ಲವಂತೆ.

ರಾಜ್ಯೋತ್ಸವದ ಬೆಳಿಗ್ಗೆ ಬಾವುಟ ಕಟ್ಟಿ, ಹಲಗೆಗಳಿಗೆ ಜಮಖಾನ ಹಾಸಿ, ಮೆಟ್ಟಿಲಿನ ಬುಡದಲ್ಲಿ ನಿಂತು ಎಲ್ಲರನ್ನೂ ‘ಬನ್ನಿ ಬನ್ನಿ’ ಎಂದು ಹತ್ತಿಸಿದೆ. ಮಕ್ಕಳು ಹಿಂದಿಯಲ್ಲಿ ಕಿತ್ತಾಡುತ್ತ, ದೊಡ್ಡವರು ಕನ್ನಡದಲ್ಲಿ ಗದರುತ್ತ ಹತ್ತಿದರು. ಕೊನೆಯಲ್ಲಿ ಮೇಡಮ್ಮು ಬಂದರು. ಅವರ ಹಿಂದೆ ಬಿಳಿ ಪಂಚೆ ಉಟ್ಟು ಕರಾವಳಿಯವನು.

“ಇವರನ್ನ ನಾನೇ ಕರೆದೆ,” ಎಂದರು ಮೇಡಮ್ಮು. “ನಿಮ್ಮ ದೋಣಿ ಓಡ್ಲಿ ಅಂತ ತಮ್ಮ ಟ್ಯಾಂಕೇ ಬಿಚ್ಚಿ ಕೊಟ್ರಂತಲ್ಲ! ಮಲ್ಲಾಹ ಎಲ್ಲಾ ಹೇಳಿದ. ಈ ಕಾಲದಲ್ಲಿ ಯಾರು ಮಾಡ್ತಾರೆ ರೀ?”

ಮಲ್ಲಾಹನ ಕಡೆ ನೋಡಿದೆ. ಅವನು ಹಗ್ಗ ಬಿಚ್ಚುವುದರಲ್ಲಿ ಬಹಳ ಮಗ್ನನಾಗಿದ್ದ.

ದೋಣಿ ಹೊರಟಿತು. ದಶಾಶ್ವಮೇಧ ದಾಟುವವರೆಗೂ ಟ್ಯಾಂಕಿನ ಕಥೆಯೇ. ಒಬ್ಬ ಪ್ರೊಫೆಸರು ಅವನ ಬೆನ್ನು ತಟ್ಟಿದರು. ಇನ್ನೊಬ್ಬರು ತಮ್ಮ ಮಕ್ಕಳಿಗೆ ಹಿಂದಿಯಲ್ಲೇ ಆ ಕಥೆ ಬಿಡಿಸಿ ಹೇಳಿದರು. ನನ್ನ ಹೆಂಡತಿ ಬಿಸಿಬೇಳೆಬಾತನ್ನು ಮೊದಲು ಬಡಿಸಿದ್ದು ಅವನ ಎಲೆಗೆ. ರಾಜಘಾಟಿನಲ್ಲಿ ದೋಣಿ ತಿರುಗಿಸುವ ಹೊತ್ತಿಗೆ ಅವನು ಎದ್ದು ಹಿಂದಕ್ಕೆ ಹೋಗಿ ಮಲ್ಲಾಹನ ಪಕ್ಕ ಕೂತ. ಏನೋ ಕೇಳಿದ, ಇವನು ಏನೋ ಹೇಳಿದ. ಸಮುದ್ರದ ಅಲೆ, ಗಂಗೆಯ ಸುಳಿ, ಬಲೆ, ಅಪ್ಪ, ಅಜ್ಜ ಎಂಬ ಮಾತುಗಳು ಇಂಜಿನ್ನಿನ ಸದ್ದಿನ ನಡುವೆ ಕೇಳಿಸಿದವು. ಆಮೇಲೆ ಮಲ್ಲಾಹ ಸರಿದು ಜಾಗ ಮಾಡಿಕೊಟ್ಟ.

“ತಗೋ ಭೈಯ್ಯಾ, ಹಿಡಿ. ನೀನೂ ನೀರಿನ ಮನೆತನದವನೇ.”

ನನ್ನ ಕೈಗೆ ಎಂದೂ ಕೊಡದ ಹಿಡಿಯನ್ನು ಅವನ ಕೈಯಲ್ಲಿಟ್ಟ. ಕರಾವಳಿಯವನು ಒಮ್ಮೆ ಹಣೆಗೊತ್ತಿಕೊಂಡು ಹಿಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಡಮ್ಮು ನನ್ನ ಕಡೆ ಬಾಗಿ, “ಇನ್ನು ಪ್ರತಿ ವರ್ಷ ಹೀಗೇ ಇರಲಿ ರೀ. ದೋಣಿ ನಿಮ್ಮದು, ನಡೆಸೋದು ಅವರು. ಎಷ್ಟು ಚೆಂದ ಅಲ್ವಾ?” ಎಂದರು.

“ಆಗಲಿ ಮೇಡಂ,” ಎಂದೆ. ದೋಣಿ ನನ್ನದೇ ಆಗಿತ್ತು, ಬಾವುಟ ನಾನೇ ಕಟ್ಟಿದ್ದು, ಜನ ನನ್ನ ಜಮಖಾನದ ಮೇಲೆಯೇ ಕೂತಿದ್ದರು.

ಹರಿವು ಎದುರಿಗಿತ್ತು. ಅವನು ವೇಗ ಏರಿಸಿದ. ನಾನು ನಡುವಿನ ಹಲಗೆಯ ಮೇಲೆ ಕೂತು, ಅಭ್ಯಾಸವಾದ ಹಾಗೆ, ಕಿವಿಯನ್ನೆಲ್ಲ ಇಂಜಿನ್ನಿಗೆ ಕೊಟ್ಟೆ. ಆ ಉಗ್ಗನ್ನು ಓಡಿಸಲು ಎಷ್ಟೆಲ್ಲ ಒದ್ದಾಡಿದ್ದೆನೋ, ಅದೇ ಉಗ್ಗು ಒಂದೇ ಒಂದು ಸಲ, ಅವನ ಕೈಯಲ್ಲಿ, ಇಷ್ಟು ಜನರ ಎದುರಿಗೆ ಬರಲಿ ಎಂದು ಕೇದಾರೇಶ್ವರನನ್ನು ಬೇಡಿಕೊಂಡೆ. ಮಣಿಕರ್ಣಿಕೆ ಹಿಂದಾಯಿತು, ದಶಾಶ್ವಮೇಧ ಹಿಂದಾಯಿತು. ನನ್ನ ಹಳೆಯ ಇಂಜಿನ್ ಎಲ್ಲೂ ತಡವರಿಸದೆ, ಹೊಸ ಇಂಜಿನ್ನಿನ ಹಾಗೆ, ಅವನು ಕೇಳಿದಷ್ಟೂ ಕೊಡುತ್ತ ಓಡಿತು.